ಸೋದರಮಾವನ ತುಟಿಯ ಮಚ್ಚೆ

ಮನುಷ್ಯನ ಹಣೆಬರಹ ಅವನ ಮುಖದ ಮೇಲೆಯೇ ಬರೆದಿರುತ್ತದೆ, ಓದುವ ಕಣ್ಣು ಬೇಕು ಅಷ್ಟೆ ಎಂದು ತಿಳಿದವರು ಹೇಳುತ್ತಾರೆ. ಇರಬಹುದು. ನನ್ನ ಮುಖದ ಮೇಲೆ ಬರೆಯಲು ಕೂತವನು ಮಾತ್ರ ಕೆಳತುಟಿಯ ಎಡಭಾಗದಲ್ಲಿ ಒಂದು ಪೂರ್ಣವಿರಾಮ ಇಟ್ಟು, ಅದರ ಹಿಂದಿನ ವಾಕ್ಯ ಬರೆಯುವುದನ್ನು ಮರೆತು ಎದ್ದುಹೋಗಿದ್ದ.

ಅದು ಹುಟ್ಟು ಮಚ್ಚೆಯಲ್ಲ. ಮಳವಳ್ಳಿಯ ಸರ್ಕಾರಿ ಕಚೇರಿಯೊಂದರಲ್ಲಿ ಗುಮಾಸ್ತನಾಗಿ ಸೇರಿ, ಉಳಿದ ಗುಮಾಸ್ತರನ್ನು ಗದರಿಸುವ ಗುಮಾಸ್ತನಾಗಿ ನಿವೃತ್ತನಾಗಿ, ಮಂಡ್ಯದಲ್ಲಿ ಮನೆ ಕಟ್ಟಿಕೊಂಡು ಕೂತ ಮೇಲೆ ಬಂದದ್ದು. ಉದ್ದಿನಕಾಳಿನಷ್ಟು ಗಾತ್ರ, ಕಂದು ಬಣ್ಣ. ನೋವಿಲ್ಲ, ತುರಿಕೆಯಿಲ್ಲ, ಊತವಿಲ್ಲ. ನನ್ನ ಇಡೀ ಸೇವಾವಧಿಯಷ್ಟೇ ನಿರುಪದ್ರವಿ, ಅಷ್ಟೇ ನಿಷ್ಪ್ರಯೋಜಕ. ಮೊದಲು ಕಂಡ ದಿನ ನನ್ನ ಹೆಂಡತಿ, "ತುಟಿ ಮೇಲೆ ಕಾಫಿ ಚರಟ ಅಂಟ್ಕಂಡದೆ, ಒರೆಸ್ಕೊಳಿ" ಅಂದಳು. ಒರೆಸಿಕೊಂಡೆ. ಮಾರನೆಯ ದಿನವೂ ಅಂದಳು, ಮಾರನೆಯ ದಿನವೂ ಒರೆಸಿಕೊಂಡೆ. ಸಂಸಾರದಲ್ಲಿ ಕೆಲವು ಆದೇಶಗಳನ್ನು ಫಲಿತಾಂಶದ ಚಿಂತೆಯಿಲ್ಲದೆ ಪಾಲಿಸಬೇಕಾಗುತ್ತದೆ. ಕೊನೆಗೆ ಅವಳೇ, "ಅದು ಚರಟ ಅಲ್ಲ, ನಿಮ್ದೇ" ಎಂದು ಕಡತ ಮುಚ್ಚಿದಳು.

ಆ ಚುಕ್ಕೆಗೆ ಪದವಿ ಕೊಟ್ಟವನು ನನ್ನ ಹುಟ್ಟೂರಿನ ಕ್ಷೌರಿಕ. ನಮ್ಮೂರು ಕೆರಗೋಡಿನ ಹತ್ತಿರ. ಮಂಡ್ಯದ ಅಂಗಡಿಗಳಲ್ಲಿ ಕೂತರೆ ಯಾವ ಸ್ಟೈಲು ಎಂದು ಕೇಳುತ್ತಾರೆ. ಉಳಿದಿರುವ ಕೂದಲಿಗೆ ಸ್ಟೈಲು ಹುಡುಕುವುದು ಅವಮಾನ ಅನ್ನಿಸಿ ನಾನು ಊರಿಗೇ ಹೋಗಿ ಕೂದಲು ಕತ್ತರಿಸಿಕೊಂಡು ಬರುತ್ತೇನೆ. ಅವನು ನನ್ನ ಗಲ್ಲ ಹಿಡಿದು ಬೆಳಕಿನ ಕಡೆ ತಿರುಗಿಸಿ, ಕತ್ತರಿ ಕೆಳಗಿಟ್ಟ.

"ಅಣ್ಣ, ನಾಲ್ಗೆ ಚಾಚಿ ನೋಡಣ."

ಚಾಚಿದೆ.

"ಅಲ್ಲೇನೂ ಇಲ್ಲ."

"ಇಲ್ಲ ಅಂದ್ರೆ ಒಳ್ಳೇದೇ ಅಲ್ವೇನಪ್ಪ?"

"ಅದೇ ಕಣಣ್ಣ ನಾ ಏಳ್ತಿರೋದು. ಒಳಗಿರ್ಬೇಕಾದ್ದು ಅಲ್ಲಿಲ್ಲ. ಇದು ತುಟಿ ಮಚ್ಚೆ ಅಲ್ಲ, ನಾಲ್ಗೆ ಮಚ್ಚೆ. ಆಚಿಕ್ ಬಂದ್ಬುಟ್ಟದೆ."

ನಾಲಿಗೆಯಲ್ಲಿ ಮಚ್ಚೆ ಇದ್ದವರು ಆಡಿದ್ದು ಆಗಿಬಿಡುತ್ತದೆ, ಒಳ್ಳೆಯದು ತಡವಾದರೂ ಕೆಟ್ಟದ್ದು ಅದೇ ದಿನ ಆಗುತ್ತದೆ ಎಂಬುದು ನಮ್ಮ ಕಡೆಯ ಸಿದ್ಧಾಂತ. ಒಳಗಿದ್ದೇ ಇಷ್ಟು ಕೆಲಸ ಮಾಡುವ ಮಚ್ಚೆ ಬಾಗಿಲಿಗೇ ಬಂದು ನಿಂತರೆ ಎಷ್ಟು ಮಾಡಬಹುದು ಎಂಬ ಪ್ರಶ್ನೆಯನ್ನು ಕ್ಷೌರಿಕ ಅಂದು ಸಂಜೆಯೊಳಗೆ ಊರಿನ ಮುಂದಿಟ್ಟ. ಊರು ಹಿಂದಿನ ಪುರಾವೆಗಳನ್ನು ಕಲೆಹಾಕಲು ಕೂತಿತು.

ಪುರಾವೆಗಳಿಗೆ ಬರವಿರಲಿಲ್ಲ. ಬಸ್ ನಿಲ್ದಾಣದಲ್ಲಿ ನಾನು ಒಬ್ಬರಿಗೆ "ಮಂಡ್ಯದ ಬಸ್ಸು ಈಗ ಬರಲ್ಲ ಬಿಡಪ್ಪ" ಅಂದಿದ್ದೆ, ಬರಲಿಲ್ಲ. ಅದಕ್ಕೆ ಮಚ್ಚೆ ಬೇಕಾಗಿಲ್ಲ, ವಾಚು ಸಾಕು. ಹಿಟ್ಟಿನ ಗಿರಣಿಯಲ್ಲಿ "ಬೇಗ ಸುರಿ, ಕರೆಂಟು ಹೋದೀತು" ಅಂದಿದ್ದೆ, ಅರ್ಧ ರಾಗಿ ಒಳಗಿರುವಾಗಲೇ ಹೋಯಿತು. ಊರಿನ ನಮ್ಮ ಹಳೆಯ ಮನೆಯ ಪಕ್ಕದವರ ಅಳಿಯ ಹೊಸ ಬೈಕಿಗೆ ಪೂಜೆ ಮಾಡಿಸಿ ಹೊರಟಾಗ, "ನಿಧಾನ ಕಣಪ್ಪ, ತಿರುವಿನಲ್ಲಿ ಮರಳು ಚೆಲ್ಲಿದೆ" ಅಂದಿದ್ದೆ. ತಿರುವಿನಲ್ಲಿ ಜಾರಿ ಮೊಣಕೈ ತರಚಿಕೊಂಡ. ಮರಳು ಇದ್ದದ್ದನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ಮರಳಿಗೆ ಮಚ್ಚೆ ಇರಲಿಲ್ಲವಲ್ಲ.

ಅಲ್ಲಿಂದ ನನ್ನ ಮೇಲೆ ಸತ್ಕಾರ ಶುರುವಾಯಿತು. ಬಾಯಿ ಖಾಲಿ ಇದ್ದರೆ ತಾನೆ ಮಾತು ಬರುವುದು. ನಾನು ಯಾರ ಹೊಸಿಲು ತುಳಿದರೂ "ಬನ್ನಿ" ಎನ್ನುವ ಮೊದಲೇ ಬಾಳೆಹಣ್ಣು ಸುಲಿದು ಕೈಗಿಡತೊಡಗಿದರು. ಹಣ್ಣು ಮುಗಿಯುವಷ್ಟರಲ್ಲಿ ಕಡಲೆಪುರಿ, ಪುರಿ ಮುಗಿಯುವಷ್ಟರಲ್ಲಿ ರವೆ ಉಂಡೆ, ಉಂಡೆ ಗಂಟಲಲ್ಲಿರುವಾಗಲೇ "ಸರಿ, ಓಗ್ಬುಟ್ಟು ಬನ್ನಿ." ಎಮ್ಮೆ ಈದ ಮನೆಯವರು ನಾನು ಬೀದಿ ತಿರುವಿನಲ್ಲಿ ಕಂಡರೆ ಕರುವಿನ ಮೇಲೆ ಗೋಣಿಚೀಲ ಹೊದಿಸುತ್ತಿದ್ದರು. ಒಂದು ದಿನ ಗೋಣಿಚೀಲವೇ ಎದ್ದು ನಡೆದುಕೊಂಡು ನನ್ನ ಎದುರಿಗೆ ಬಂದು ನಿಂತಿತು. ಮನೆಯಾಕೆಯೂ ನಾನೂ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ನಾನು ಗೌರವದಿಂದ ಏನೂ ಅನ್ನಲಿಲ್ಲ. ಆಕೆ ಗೌರವದಿಂದ ಇನ್ನೊಂದು ಬಾಳೆಹಣ್ಣು ಕೊಟ್ಟಳು.

ತುಟಿಯ ಮೇಲೆ ಮಚ್ಚೆ ಇದ್ದವನಿಗೆ ಊಟಕ್ಕೆ ಕೊರತೆಯಿಲ್ಲ ಎಂದು ಇನ್ನೊಂದು ಹಳೆಯ ಮಾತಿದೆ. ಅದೂ ನಿಜವಾಗಿಬಿಟ್ಟಿತು. ಯಾವ ದಾರಿಯಿಂದ ನಿಜವಾಯಿತು ಎಂದು ಮಾತ್ರ ಹಳೆಯ ಮಾತು ಹೇಳುವುದಿಲ್ಲ.

ಇದೆಲ್ಲ ನನಗೆ ಬೇಸರ ತಂದಿತ್ತು ಎಂದು ಬರೆದರೆ ಸುಳ್ಳಾಗುತ್ತದೆ. ಕಚೇರಿಯಲ್ಲಿ ಇದ್ದಷ್ಟು ಕಾಲ ನನ್ನ ಮಾತು ಒಂದು ಕಡತವನ್ನೂ ಈ ಮೇಜಿನಿಂದ ಆ ಮೇಜಿಗೆ ಅಲುಗಿಸಿರಲಿಲ್ಲ. ಈಗ ಬಸ್ಸು, ಬೈಕು, ಕರೆಂಟು ಎಲ್ಲವೂ ನನ್ನ ಅಧೀನಕ್ಕೆ ಬಂದಿದ್ದವು. ನಿವೃತ್ತಿಯ ನಂತರ ಬಡ್ತಿ ಎಷ್ಟು ಜನಕ್ಕೆ ಸಿಗುತ್ತದೆ? ಹೆಂಡತಿ ಮಾತ್ರ ನನ್ನ ಸಕ್ಕರೆ ಕಾಯಿಲೆಯ ಮಾತ್ರೆ ಕೊಡುವಾಗಲೆಲ್ಲ, "ನಿಮ್ ಬಾಯಿಂದ ಊರಿಗೇನಾಯ್ತದೋ ಕಾಣೆ, ಊರಿಂದ ನಿಮ್ಗಂತೂ ಆಯ್ತಾ ಅದೆ" ಅನ್ನುತ್ತಿದ್ದಳು.

ವಿಷಯ ತಮಾಷೆಯ ಗಡಿ ದಾಟಿದ್ದು ತಂಗಿಯ ಮಗಳ ಮದುವೆ ಗೊತ್ತಾದಾಗ.

ತಂಗಿಯನ್ನು ಕೊಟ್ಟಿರುವುದು ಭಾರತೀನಗರಕ್ಕೆ. ನಾವು ಬಾಯಲ್ಲಿ ದೊಡ್ಡಿ ಅನ್ನುತ್ತೇವೆ. ಅವಳಿಗೆ ಇರುವವಳು ಒಬ್ಬಳೇ ಮಗಳು, ಕಾಲೇಜೊಂದರಲ್ಲಿ ರಸಾಯನಶಾಸ್ತ್ರ ಪಾಠ ಮಾಡುತ್ತಾಳೆ. ಗಂಡು ಮಳವಳ್ಳಿ ಕಡೆಯವನು, ಹೈಸ್ಕೂಲು ಮೇಷ್ಟ್ರು, ಕೆಲಸ ಮಾತ್ರ ದೂರದ ಯಾದಗಿರಿಯ ಕಡೆ. ಮಂಡ್ಯ ಜಿಲ್ಲೆಗೆ ವರ್ಗ ಮಾಡಿಸಿಕೊಳ್ಳಲು ಅವನು ಹಿಡಿಯದ ಕಾಲಿಲ್ಲ. ಹುಡುಗ ಹುಡುಗಿ ಒಪ್ಪಿಯಾಗಿತ್ತು. ಉಳಿದದ್ದು ಒಪ್ಪು ವೀಳ್ಯ.

ನಮ್ಮ ಮನೆತನದಲ್ಲಿ ಒಪ್ಪು ವೀಳ್ಯದ ದಿನ ಎರಡು ಕಡೆಯವರೂ ಜಮಖಾನದ ಮೇಲೆ ಎದುರುಬದುರು ಕೂರುತ್ತಾರೆ. ಹೆಣ್ಣಿನ ಸೋದರಮಾವ ವೀಳ್ಯದ ತಟ್ಟೆ ಹಿಡಿದು ಎದ್ದು ನಿಂತು, "ಇವತ್ತಿನಿಂದ ಈ ಮಗು ನಿಮ್ಮದು. ನಿಮ್ಮ ಮನೆ ಹಾಲುಕ್ಕಿದ ಹಾಗೆ ಉಕ್ಕಲಿ" ಎಂದು ಹೇಳಿ ತಟ್ಟೆ ದಾಟಿಸಬೇಕು. ಇಷ್ಟೇ. ಆದರೆ ಆ ಎರಡು ಮಾತು ಬೀಳುವವರೆಗೆ ಯಾರೂ ಎಲೆ ಮುಂದೆ ಕೂರುವುದಿಲ್ಲ. ನಮ್ಮ ತಾಯಿಯ ಒಪ್ಪು ವೀಳ್ಯದಲ್ಲಿ ಅವರ ಸೋದರಮಾವ ಆಡಿದ್ದು, ತಂಗಿಯದರಲ್ಲಿ ನಮ್ಮ ಸೋದರಮಾವ ಆಡಿದ್ದು. ಈ ಹುಡುಗಿಗೆ ನಾನು ಆಡಬೇಕಾದ್ದು. ಅವಳು ತೊಟ್ಟಿಲಲ್ಲಿದ್ದಾಗಲೇ ನನಗೆ ಗೊತ್ತಿದ್ದ ಹುದ್ದೆ ಅದು. ಅರ್ಜಿ ಹಾಕದೆ ನನಗೆ ಸಿಕ್ಕ ಹುದ್ದೆಯೂ ಅದೊಂದೇ.

ತಂಗಿ ಮಂಡ್ಯಕ್ಕೆ ಬಂದಳು. ಬಂದವಳು ಚೀಲದಿಂದ ಕೋಡುಬಳೆಯ ಡಬ್ಬಿ ತೆಗೆದು ನನ್ನ ಮುಂದಿಟ್ಟಾಗಲೇ ಅನುಮಾನ ಬರಬೇಕಿತ್ತು.

"ತಿನ್ನಣ್ಣ."

"ಆಮೇಲೆ ತಿಂತೀನಿ. ಏನ್ ಸಮಾಚಾರ?"

"ತಿಂತಾ ಕೇಳು. ನಾನ್ ಏಳಿ ಮುಗ್ಸೋಗಂಟ ನೀನೇನೂ ಅನ್ಬ್ಯಾಡ."

ಒಂದು ಕೋಡುಬಳೆ ಬಾಯಿಗಿಟ್ಟುಕೊಂಡೆ.

"ಆವತ್ತು ಅತ್ಗೆನೂ ನೀನೂ ಬನ್ನಿ. ಮುಂದ್ಗಡೆನೇ ಕೂತ್ಕ. ಪಂಚೆ, ಶಲ್ಯ ಎಲ್ಲ ನಿಂಗೇ ಉಡ್ಸೋದು. ಆ ಒಂದ್ ಮಾತು ಮಾತ್ರ ಸಣ್ಣಣ್ಣ ಆಡ್ಬುಡ್ಲಿ."

ಸಣ್ಣಣ್ಣ ಎಂದರೆ ನಮ್ಮ ಚಿಕ್ಕಪ್ಪನ ಮಗ, ನನಗೆ ತಮ್ಮನಾಗಬೇಕು. ಗ್ರಾಮ ಪಂಚಾಯಿತಿಯ ಮಾಜಿ ಸದಸ್ಯ. ಅಧಿಕಾರ ಹೋದ ಮೇಲೆ ಅವನಲ್ಲಿ ಉಳಿದಿರುವುದು ಬಿಳಿ ಅಂಗಿ ಮತ್ತು ಮೈಕಿನ ವ್ಯಾಮೋಹ. ಗೃಹಪ್ರವೇಶವಿರಲಿ, ತಿಥಿಯಿರಲಿ, ಮೈಕು ಕಂಡರೆ "ವೇದಿಕೆಯ ಮೇಲೆ ಆಸೀನರಾಗಿರುವ" ಎಂದು ಶುರುಮಾಡುತ್ತಾನೆ. ಒಂದು ತಿಥಿಯಲ್ಲಿ ಆಸೀನರಾಗಿದ್ದದ್ದು ಸತ್ತವರ ಫೋಟೋ ಮಾತ್ರ. ಅವನ ತುಟಿಯಲ್ಲಿ ಮಚ್ಚೆ ಇಲ್ಲ. ಇದ್ದರೂ ಗುಟ್ಕಾದ ಕೆಂಪಿನಲ್ಲಿ ಕಾಣುವ ಸಂಭವವಿಲ್ಲ.

ಕೋಡುಬಳೆ ನುಂಗಿ ಕೇಳಿದೆ: "ನನ್ನ ಬಾಯಿಗೇನಾಗಿದೆ?"

"ಏನಾಗದೆ ಅಂತ ನಿಂಗೊತ್ತಿಲ್ವಾ? ಗಂಡಿನ ಅಜ್ಜಿ ಹಲ್ಲಿ ಲೊಚಗುಟ್ಟಿದ್ರೂ ಕಾರ್ಯ ನಿಲ್ಸೋ ಪೈಕಿ. ಅವ್ರ ಕಿವಿಗೆ ಈ ಮಚ್ಚೆ ಸುದ್ದಿ ಬಿದ್ರೆ?"

"ನೀನು ನಂಬ್ತೀಯಾ ಇದನ್ನೆಲ್ಲ?"

"ನಾನ್ ನಂಬಲ್ಲ ಕಣಣ್ಣ." ಡಬ್ಬಿಯ ಮುಚ್ಚಳ ತಿರುಗಿಸುತ್ತ ಕೂತಳು. "ಆದ್ರೂ ಇರೋಳು ಒಬ್ಳು."

ನಂಬುವವರ ಜೊತೆ ವಾದ ಮಾಡಬಹುದು. ನಂಬದೆ "ಆದ್ರೂ" ಅನ್ನುವವರ ಮುಂದೆ ಯಾವ ವಾದವೂ ನಿಲ್ಲುವುದಿಲ್ಲ. ಅವಳ ಕಣ್ಣು ತುಂಬಿದ್ದು ಕಂಡು ನಾನು ಎರಡನೆಯ ಕೋಡುಬಳೆಯನ್ನು ಸ್ವಇಚ್ಛೆಯಿಂದ ಬಾಯಿಗೆ ಹಾಕಿಕೊಂಡೆ.

ಮಾರನೆಯ ದಿನ ಹುಡುಗಿಯೇ ಫೋನು ಮಾಡಿದಳು.

"ಮಾವ, ಅದು ಬರೀ ಮೆಲನಿನ್. ಚರ್ಮಕ್ಕೆ ಬಣ್ಣ ಕೊಡೋದು."

"ನಿಮ್ಮಮ್ಮನಿಗೆ ಹೇಳು."

"ಹೇಳ್ದೆ. ಮೆಲನಿನ್ನೋ ಮಣ್ಣೋ, ಊರಲ್ಲಿ ಇಷ್ಟು ತುಟಿ ಇರೋವಾಗ ನಿಮ್ಮಾವನ ತುಟಿಗೇ ಯಾಕ್ ಬಂತು ಅಂದ್ರು."

ಪ್ರಶ್ನೆ ವೈಜ್ಞಾನಿಕವಾಗಿತ್ತು.

"ಮಾವ, ಆ ಮಾತು ನೀವೇ ಹೇಳ್ಬೇಕು. ಚಿಕ್ಕಮಾವ ಮೈಕ್ ಹಿಡಿದ್ರೆ ನಾನು ಎದ್ದೋಗ್ತೀನಿ, ಖಂಡಿತ. ಮಂಡ್ಯದಲ್ಲೇ ಲೇಸರ್ ಮಾಡ್ತಾರೆ, ತೆಗೆಸ್ಬಿಡಿ. ನೋವಾಗಲ್ಲ."

ಆ "ನೋವಾಗಲ್ಲ" ನನ್ನದೇ ಮಾತು. ಅವಳಿಗೆ ಕಿವಿ ಚುಚ್ಚಿಸಿದ್ದು ನನ್ನ ತೊಡೆಯ ಮೇಲೆ ಕೂರಿಸಿಕೊಂಡು. ಅಕ್ಕಸಾಲಿ ತಂತಿ ಹಿಡಿದು ಹತ್ತಿರ ಬಂದಾಗ "ನೋವಾಗಲ್ಲ ಕಣವ್ವ" ಎಂದು ಹೇಳಿದ್ದು ಇದೇ ಬಾಯಿ. ಅವಳು ಊರು ಹಾರಿಹೋಗುವಂತೆ ಕಿರುಚಿ ನನ್ನ ಅಂಗಿಯ ಗುಂಡಿ ಕಿತ್ತಿದ್ದಳು. ಆಗ ಮಚ್ಚೆ ಇರಲಿಲ್ಲ, ಆದ್ದರಿಂದ ಮಾತು ನಿಜವಾಗಲಿಲ್ಲ. ಆದರೂ ಇಷ್ಟು ವರ್ಷ ಆದ ಮೇಲೆ ಅದೇ ಬಾಯಿಯೇ ಬೇಕು ಎಂದು ಹಠ ಹಿಡಿದಿದ್ದಾಳೆ ಎಂದರೆ ಸುಮ್ಮನಿರುವುದು ಹೇಗೆ?

ತೆಗೆಸಿದರೆ ಕ್ಷೌರಿಕನ ಸಿದ್ಧಾಂತಕ್ಕೆ ತಲೆಬಾಗಿದ ಹಾಗೆ. ತೆಗೆಸದಿದ್ದರೆ ತಮ್ಮನ ಮೈಕಿಗೆ. ಎರಡನ್ನೂ ತೂಗಿ ನೋಡಿ, ಮೈಕೇ ದೊಡ್ಡ ಅನಿಷ್ಟ ಎಂಬ ತೀರ್ಮಾನಕ್ಕೆ ಬಂದೆ.

ಮಂಡ್ಯದ ಆ ಚರ್ಮದ ಕ್ಲಿನಿಕ್ಕಿನಲ್ಲಿ ಕೂತವರೆಲ್ಲ ನನ್ನ ಅರ್ಧ ವಯಸ್ಸಿನವರು. ಮೊಡವೆಯ ಹುಡುಗಿಯರು, ಕೂದಲು ಉದುರುವ ಹುಡುಗರು. ಗೋಡೆಯ ತುಂಬ ಜೋಡಿ ಚಿತ್ರಗಳು: ಚಿಕಿತ್ಸೆಗೆ ಮುಂಚೆ ಅಳುಮುಖ, ನಂತರ ನಗುಮುಖ. ಕಾಯಿಲೆ ಚರ್ಮದ್ದೋ ಅಳುವಿನದ್ದೋ ಹೇಳುವುದು ಕಷ್ಟ. ಪಕ್ಕದಲ್ಲಿ ಕೂತ ಹುಡುಗನೊಬ್ಬ ನನ್ನ ನೆತ್ತಿಯನ್ನೇ ನೋಡುತ್ತಿದ್ದ. ನಾನು ಇಲ್ಲಿಗೆ ಬಂದದ್ದು ಕೂದಲಿಗೆ ಎಂದುಕೊಂಡನೋ ಏನೋ, ಅವನ ಮುಖದಲ್ಲಿ ಈ ಆಸ್ಪತ್ರೆಯ ಮೇಲಿನ ಭರವಸೆ ಇಳಿಯುತ್ತಿರುವುದು ಕಾಣುತ್ತಿತ್ತು.

ಡಾಕ್ಟರು ಚಿಕ್ಕ ವಯಸ್ಸಿನ ಹೆಣ್ಣುಮಗಳು. ದೀಪವಿರುವ ಸಣ್ಣ ಭೂತಗನ್ನಡಿಯನ್ನು ತುಟಿಗೆ ಹಿಡಿದು ಬಹಳ ಹೊತ್ತು ನೋಡಿದರು. ದೊಡ್ಡದಾಗುತ್ತಿದೆಯೇ, ರಕ್ತ ಬರುತ್ತದೆಯೇ, ಬಣ್ಣ ಬದಲಾಗಿದೆಯೇ, ಬೀಡಿ ಸಿಗರೇಟು ಇದೆಯೇ ಎಂದೆಲ್ಲ ಕೇಳಿದರು. ಬಾಯಿಯೊಳಗೂ ಬೆಳಕು ಬಿಟ್ಟು ನೋಡಿದರು. ಕ್ಷೌರಿಕನ ಹಾಗೆಯೇ ನಾಲಿಗೆ ಚಾಚಿ ಅಂದರು. ಚಾಚಿದೆ. ಅಭ್ಯಾಸವಾಗಿತ್ತು.

"ಇದು ಏನೂ ಅಲ್ಲ ಅಂಕಲ್. ಬಿಸಿಲಿಗೆ, ವಯಸ್ಸಿಗೆ ಕೆಲವರಿಗೆ ಬರುತ್ತೆ. ಹಾಗೇ ಬಿಟ್ಟರೂ ಏನೂ ಆಗಲ್ಲ."

"ಬಿಟ್ಟರೆ ಆಗುತ್ತೆ ಅನ್ನೋದೇ ತಕರಾರು."

"ಏನಾಗುತ್ತೆ?"

"ಕರೆಂಟು ಹೋಗುತ್ತೆ."

ಅವರು ಒಮ್ಮೆ ನನ್ನನ್ನೂ ಒಮ್ಮೆ ತಲೆಯ ಮೇಲಿನ ಟ್ಯೂಬ್‌ಲೈಟನ್ನೂ ನೋಡಿದರು. ಅದು ಉರಿಯುತ್ತಲೇ ಇತ್ತು. ಒಪ್ಪಿಕೊಳ್ಳಲು ನಾಚಿಕೆಯಾಗುತ್ತದೆ, ನನಗೆ ಸಣ್ಣ ನಿರಾಸೆಯಾಯಿತು.

ಎಲ್ಲವನ್ನೂ ವಿವರಿಸಿದೆ. ನಗಲಿಲ್ಲ, ಅದು ಅವರ ದೊಡ್ಡತನ. ಪೆನ್ನು ಕಚ್ಚಿಕೊಂಡು ಕಿಟಕಿಯ ಕಡೆ ನೋಡಿದರು, ಅದು ಅವರ ವಯಸ್ಸು. ಆಮೇಲೆ ಹೇಳಿದರು: "ಲೇಸರ್‌ನಲ್ಲಿ ತೆಗೀಬಹುದು. ಆದರೆ ಮೊದಲು ಇನ್ನೂ ಕಪ್ಪಾಗುತ್ತೆ, ಊದುತ್ತೆ, ಹಕ್ಕಳೆ ಕಟ್ಟುತ್ತೆ. ಅದನ್ನ ಕೀಳಬಾರದು, ತಾನಾಗಿ ಉದುರಬೇಕು. ಅಲ್ಲೀವರೆಗೂ ಬಿಸಿ ಕಾಫಿ, ಖಾರ, ಗಟ್ಟಿ ತಿಂಡಿ ಬೇಡ. ಕೆಲವರಿಗೆ ಎರಡನೇ ಸಲ ಮಾಡಬೇಕಾಗುತ್ತೆ, ಕೆಲವರಿಗೆ ವಾಪಸ್ಸೂ ಬರುತ್ತೆ. ನಿಮ್ಮ ಕಾರ್ಯ ಯಾವಾಗ?"

"ಇನ್ನೂ ತಿಂಗಳಿದೆ."

"ಹಾಗಾದರೆ ಸಾಕು."

ತುಟಿಗೆ ಮುಲಾಮು ಹಚ್ಚಿ ಕೂರಿಸಿದರು. ಸ್ವಲ್ಪ ಹೊತ್ತಿಗೆ ತುಟಿ ಬೇರೆ ಯಾರದೋ ಆಗಿ, ನಾನು ಅದನ್ನು ಹೊತ್ತುಕೊಂಡು ಕೂತಂತಾಯಿತು. ಕಣ್ಣಿಗೆ ಕಬ್ಬಿಣದ ಚಿಪ್ಪಿನಂಥ ಕನ್ನಡಕ ಹಾಕಿದರು. ಒಗ್ಗರಣೆಯಲ್ಲಿ ಸಾಸಿವೆ ಸಿಡಿದ ಹಾಗೆ ಚಟ್ ಚಟ್ ಎಂದಿತು. ತುಟಿಗೆ ಯಾರೋ ರಬ್ಬರ್ ಬ್ಯಾಂಡು ಎಳೆದು ಬಿಟ್ಟಂತೆ. ಆಮೇಲೆ ಒಂದು ಪರಿಚಿತ ವಾಸನೆ: ಹಬ್ಬದ ಮಾರನೆಯ ದಿನ ನಮ್ಮೂರಲ್ಲಿ ಕುರಿಯ ತಲೆಕಾಲು ಸುಡುವಾಗ ಬರುವುದೇ. ಸುಡುತ್ತಿರುವುದು ನನ್ನದು ಎಂದು ಅರ್ಥವಾಗುವಷ್ಟರಲ್ಲಿ "ಮುಗೀತು ಅಂಕಲ್" ಅಂದರು. ಸರ್ಕಾರಿ ಸೇವೆಯಲ್ಲಿ ನಾನು ಎಂದೂ ಕಾಣದ ವೇಗ.

ಮಾರನೆಯ ಬೆಳಿಗ್ಗೆ ಹೆಂಡತಿ ಕನ್ನಡಿ ತಂದುಕೊಟ್ಟು, "ಉದ್ದಿನಕಾಳು ಇದ್ದಿದ್ದು ಹುಣ್ಸೇಬೀಜ ಆಗದೆ" ಎಂದು ವರದಿ ಒಪ್ಪಿಸಿದಳು. ಡಾಕ್ಟರು ಹೇಳಿದ್ದರಲ್ಲ, ತಿಂಗಳಿದೆಯಲ್ಲ ಎಂದು ನಾನು ಧೈರ್ಯವಾಗಿದ್ದೆ. ಅಂದು ಸಂಜೆ ದೊಡ್ಡಿಯಿಂದ ಫೋನು ಬಂತು. ಗಂಡಿನ ಅಜ್ಜಿ ಪಂಚಾಂಗ ತಿರುವಿ ಹಾಕಿಸಿದ್ದಾರೆ. ತಿಂಗಳು ಕಾದರೆ ಆಷಾಢ ಬಂದುಬಿಡುತ್ತದೆ. ಆಷಾಢದಲ್ಲಿ ವೀಳ್ಯ ಹಿಡಿಯುವಂತಿಲ್ಲ. ಆದ್ದರಿಂದ ಬರುವ ಗುರುವಾರವೇ.

ಲೇಸರ್ ಯಂತ್ರ ಕಂಡುಹಿಡಿದ ಮಹನೀಯರು ಬೆಳಕನ್ನು ಅಳೆದರು, ಬಣ್ಣವನ್ನು ಅಳೆದರು. ಆಷಾಢವನ್ನು ಅಳೆಯಲಿಲ್ಲ.

ಗುರುವಾರ ಮುಖಕ್ಕೆ ಮಾಸ್ಕು ಕಟ್ಟಿಕೊಂಡು ಹೊರಟೆ. ಕೊರೋನಾ ಕಾಲದ್ದು ಮನೆಯಲ್ಲಿ ಒಂದು ಡಬ್ಬಿ ಉಳಿದಿತ್ತು. ಮಂಡ್ಯದಿಂದ ಮದ್ದೂರಿಗೆ ಬಸ್ಸಿನಲ್ಲಿ ಹೋದೆವು. ತಂಗಿಯ ಗಂಡ ಬೀಗರಿಗೆಂದು ಬುಟ್ಟಿ ತುಂಬ ವಡೆ ಕಟ್ಟಿಸಿಕೊಳ್ಳಲು ಮದ್ದೂರಿಗೆ ಬಂದಿದ್ದವನು ನಮ್ಮನ್ನೂ ಕಾರಿಗೆ ಹತ್ತಿಸಿಕೊಂಡ. ಮಾಸ್ಕು ನೋಡಿ ಅವನ ಮುಖ ಅರಳಿತು.

"ಒಳ್ಳೇ ಕೆಲ್ಸ ಮಾಡಿದ್ರಿ ಭಾವ. ಕೊನೆಗಂಟ ಅಂಗೇ ಇರ್ಲಿ."

"ತೆಗೆಸಿದೀನಪ್ಪ ಮಚ್ಚೆನ."

"ತೆಗ್ಸಿದ್ರೂ ಇರ್ಲಿ ಬುಡಿ. ಉಸಾರಾಗಿರೋದು ಒಳ್ಳೇದು."

ದೊಡ್ಡಿಯಲ್ಲಿ ಮನೆ ಮುಂದೆ ಶಾಮಿಯಾನ ಹಾಕಿತ್ತು. ತಮ್ಮ ಆಗಲೇ ಬಂದು ಬಿಳಿ ಅಂಗಿಯ ತೋಳು ಮಡಿಸಿಕೊಂಡು "ಹಲೋ, ಹಲೋ, ಚೆಕ್" ಅನ್ನುತ್ತಿದ್ದ. ತಂಗಿ ನನ್ನನ್ನು ಅಡುಗೆಮನೆಯ ಮೂಲೆಗೆ ಎಳೆದುಕೊಂಡು ಹೋಗಿ ಮಾಸ್ಕು ಜಗ್ಗಿ ನೋಡಿದಳು. ನೋಡಿ ಗೋಡೆಗೆ ಒರಗಿದಳು.

"ತೆಗ್ಸಿದೀನಿ ಅಂತೀಯಲ್ಲಣ್ಣ, ಇದೇನು ನೀರಾಕಿ ಬೆಳ್ಸಿದಂಗದೆ."

"ಹಕ್ಕಳೆ ಅದು. ತಾನಾಗಿ ಉದುರುತ್ತೆ."

"ಯಾವಾಗ?"

"ಅದು ಅದರ ಇಷ್ಟ."

"ಬೀಗ್ರು ಬಂದು ಕೂತವ್ರೆ." ಮಾಸ್ಕನ್ನು ತಾನೇ ಮೇಲೆಳೆದು ನನ್ನ ಮೂಗಿನವರೆಗೆ ಮುಚ್ಚಿದಳು. "ಬ್ಯಾಡ ಕಣಣ್ಣ. ಸಣ್ಣಣ್ಣನೇ ಆಡ್ಲಿ. ನನ್ ಒಟ್ಟೆ ಉರಿಸ್ಬ್ಯಾಡ."

ಹೋಗಿ ಕೂತೆ. ಎದುರಿಗೆ ಮಳವಳ್ಳಿಯವರು. ನಡುವೆ ಅಜ್ಜಿ, ಸಣ್ಣ ಆಕಾರ, ದೊಡ್ಡ ಕುಂಕುಮ. ವೀಳ್ಯದ ತಟ್ಟೆ ನನ್ನ ಮುಂದೆ ಇತ್ತು, ಆದರೆ ತಮ್ಮ ಅದರ ಅಂಚನ್ನು ಆಗಲೇ ಎರಡು ಬೆರಳಿನಿಂದ ತನ್ನ ಕಡೆಗೆ ಎಳೆದುಕೊಳ್ಳುತ್ತಿದ್ದ. ಹುಡುಗಿಯನ್ನು ಕರೆತಂದು ಕೂರಿಸಿದರು. ಅವಳು ಬೀಗರನ್ನೂ ನೋಡಲಿಲ್ಲ, ಗಂಡನ್ನೂ ನೋಡಲಿಲ್ಲ. ಮೊದಲು ನನ್ನ ಮಾಸ್ಕನ್ನು, ಆಮೇಲೆ ಮೈಕನ್ನು ನೋಡಿದಳು. ಸೀರೆಯ ನೆರಿಗೆ ಹಿಡಿದು ಒಂದು ಮಂಡಿ ಊರಿದಳು. ಎದ್ದು ಹೋಗುತ್ತೇನೆ ಅಂದವಳು ಎದ್ದು ಹೋಗುವವಳೇ. ಕಿವಿ ಚುಚ್ಚಿದ ದಿನವೂ ಅರ್ಧ ಚುಚ್ಚಿದ ಮೇಲೆ ಎದ್ದು ಓಡಿದ್ದಳು.

ನಾನು ಮಾಸ್ಕು ತೆಗೆದು ಜೇಬಿಗಿಟ್ಟೆ. ತಟ್ಟೆಯನ್ನು ನನ್ನ ಕಡೆಗೆ ಎಳೆದುಕೊಂಡೆ.

"ಏನಪ್ಪ ಅದು ಬಾಯ್ಮೇಲೆ?" ಅಜ್ಜಿ ಕೇಳಿದರು.

ಉತ್ತರ ಹೇಳಲು ಬಾಯಿ ತೆರೆದೆ. ಅಷ್ಟು ಸಾಕಾಯಿತು. ಎಲ್ಲಿದ್ದನೋ ತಂಗಿಯ ಗಂಡ, ಹಿಂದಿನಿಂದ ಬಗ್ಗಿ ಒಂದು ಇಡೀ ವಡೆಯನ್ನು ನನ್ನ ಬಾಯಿಗೆ ತುರುಕಿದ. ಡಾಕ್ಟರು ನಿಷೇಧಿಸಿದ ಪದಾರ್ಥಗಳಲ್ಲಿ ಇದಕ್ಕಿಂತ ಗಟ್ಟಿಯಾದದ್ದು ನಮ್ಮ ಜಿಲ್ಲೆಯಲ್ಲಿ ತಯಾರಾಗುವುದಿಲ್ಲ. ಗರಿಗರಿಯಾದ ಅಂಚು ತುಟಿಯನ್ನು ಕೆರೆದುಕೊಂಡು ಒಳಗೆ ಹೋಯಿತು. ಕಣ್ಣಲ್ಲಿ ನೀರು ಬಂತು. ಸಭೆಯಲ್ಲಿ ಉಗುಳುವಂತಿಲ್ಲ. ಊರಿನ ಬಾಳೆಹಣ್ಣುಗಳ ತರಬೇತಿ ಕೈಕೊಡಲಿಲ್ಲ, ಅಗಿದು ನುಂಗಿದೆ.

ಅಜ್ಜಿ ಮುಂದಕ್ಕೆ ಬಗ್ಗಿದರು.

"ಎಲ್ಲಿ ಓಯ್ತು? ಈಗಿತ್ತಲ್ಲ."

ನಾನು ತುಟಿ ಮುಟ್ಟಿ ನೋಡಿಕೊಂಡೆ. ಹಕ್ಕಳೆ ಇರಲಿಲ್ಲ. ಅಂಗಿಯ ಮೇಲಿಲ್ಲ, ಜಮಖಾನದ ಮೇಲಿಲ್ಲ.

"ವಡೆ ಜೊತೆ ನುಂಗ್ಬುಟ್ರು" ಎಂದು ನನ್ನ ಹೆಂಡತಿ, ಕೇಳದೆಯೇ, ಸ್ಪಷ್ಟವಾದ ಧ್ವನಿಯಲ್ಲಿ ತಿಳಿಸಿದಳು.

ತಂಗಿ ಕಣ್ಣು ಮುಚ್ಚಿಕೊಂಡಳು. ತಮ್ಮ ಮೈಕನ್ನು ಬಾಯಿಯ ಹತ್ತಿರ ತಂದ. ಅಜ್ಜಿ ಅವನಿಗೆ ಅಂಗೈ ತೋರಿಸಿ ತಡೆದರು.

"ಕೆರಗೋಡು ಕಡೆ ಮಚ್ಚೆ ಬಾಯೋರು ಒಬ್ರವ್ರೆ ಅಂತಿದ್ರು. ನೀನೇನಾ?"

ಇಷ್ಟು ದಿನ ಯಾರಿಂದ ಮುಚ್ಚಿಡಬೇಕೆಂದು ಮನೆಯವರೆಲ್ಲ ಒದ್ದಾಡಿದ್ದರೋ ಅವರಿಗೆ ಮೊದಲಿನಿಂದಲೂ ಗೊತ್ತಿತ್ತು. ನಾನೇ ಎಂದು ತಲೆಯಾಡಿಸಿದೆ.

"ನೀನು ಆಡಿದ್ದು ಆಯ್ತದಂತೆ."

ತಂಗಿಯ ಗಂಡ ತೊದಲಿದ: "ಅಂಗೇನಿಲ್ಲ ಕಣಜ್ಜಿ, ಜನ ಸುಮ್ಕೆ ಅಂತಾರೆ. ಅದ್ಕೇ ಇವ್ರು ಮಾತಾಡ್ಬಾರ್ದು ಅಂತ ನಾವೇ..."

"ಆ ಮಚ್ಚೆ ಈಗ ಒಳಿಕ್ ಓಗದೆ" ಅಂದರು ಅಜ್ಜಿ. "ಇನ್ಮೇಲೆ ಆಡಿದ್ದು ಒಟ್ಟೆಯಿಂದಾನೇ ಬಂದಂಗೆ. ಅಲ್ಲ ಕಣ್ರಯ್ಯ, ಇವನು ಕೆಟ್ಟದ್ ಆಡಿದ್ರೆ ಆಯ್ತದೆ ಅಂತ ಎದ್ರುಕೊಂಡ್ರಲ್ಲ, ಒಂದಿನಾನಾರ ಒಳ್ಳೇದ್ ಆಡ್ಸಿದ್ರಾ? ಇಂತಾ ಬಾಯ್ ಮಡೀಕಂಡು ವಡೆ ತುರುಕ್ತಾ ಕೂತಿದ್ದೀರಲ್ಲ."

ಬಾಳೆಹಣ್ಣು, ಕಡಲೆಪುರಿ, ರವೆ ಉಂಡೆಗಳ ಇಡೀ ಇತಿಹಾಸದಲ್ಲಿ ಈ ಪ್ರಶ್ನೆ ಯಾರಿಗೂ ಹೊಳೆದಿರಲಿಲ್ಲ. ಎಲ್ಲವನ್ನೂ ನಗುತ್ತ ತಿಂದುಕೊಂಡಿದ್ದ ನನಗೂ ಹೊಳೆದಿರಲಿಲ್ಲ.

"ಏಳಪ್ಪ. ಮಾತಾಡು. ಎಲ್ಲಾರ್ಗೂ ಕೇಳಂಗಾಡು."

ಎದ್ದು ನಿಂತೆ. ಹುಡುಗಿ ಮಂಡಿ ಮಡಿಸಿ ಕೂತಳು. ಊದಿದ ತುಟಿಯಲ್ಲಿ ಉರಿ. "ಇವತ್ತಿನಿಂದ ಈ ಮಗು ನಿಮ್ಮದು" ಅನ್ನುವಾಗ "ಮ" ಅಕ್ಷರಕ್ಕೆ ಎರಡು ತುಟಿ ಕೂಡಿಸುವುದು ಇಷ್ಟು ಕಷ್ಟದ ಕೆಲಸ ಎಂದು ಗೊತ್ತಿರಲಿಲ್ಲ. ಹಾಲುಕ್ಕುವವರೆಗೆ ಹೇಗೋ ತಲುಪಿದೆ. ಅಜ್ಜಿ ತಟ್ಟೆ ತೆಗೆದುಕೊಂಡು ಕಣ್ಣಿಗೊತ್ತಿಕೊಂಡರು. ತಂಗಿ ಸೆರಗಿನಿಂದ ಮೂಗು ಒರೆಸಿಕೊಂಡಳು.

ನಾನು ಕೂರಲು ಹೊರಟೆ. ಬಿಡಲಿಲ್ಲ.

"ನೂರ್ ವರ್ಷ ಬಾಳ್ಲಿ ಅನ್ನು" ಎಂದರು ಅಜ್ಜಿ. ಅಂದೆ.

"ಮನೆ ಕಟ್ಲಿ ಅನ್ನಿ" ಎಂದರು ಗಂಡಿನ ತಂದೆ. ಅಂದೆ.

"ಮೊದ್ಲು ಗಂಡು ಮಗಾನೇ ಆಗ್ಲಿ ಅನ್ನಿ" ಎಂದು ಹಿಂದಿನ ಸಾಲಿನಿಂದ ಯಾರೋ ಅಂದರು. ಹುಡುಗಿ ತಲೆ ಎತ್ತಿ ನನ್ನನ್ನು ನೋಡಿದಳು. ಆ ಅರ್ಜಿಯನ್ನು ತಿರಸ್ಕರಿಸಿದೆ.

ಆಮೇಲೆ ಗಂಡು, ಅಲ್ಲಿಯವರೆಗೆ ತುಟಿಪಿಟಕ್ಕೆನ್ನದ ಮೇಷ್ಟ್ರು, ನೆಲ ನೋಡುತ್ತ ಮೆಲ್ಲಗೆ ಹೇಳಿದ: "ಈ ವರ್ಷ ಮಂಡ್ಯಕ್ಕೆ ಟ್ರಾನ್ಸ್‌ಫರ್ ಆಗ್ಲಿ ಅನ್ನಿ ಮಾವ." ಅವನ ದನಿಯಲ್ಲಿದ್ದ ಭಕ್ತಿ ಅಜ್ಜಿಯ ದನಿಯಲ್ಲೂ ಇರಲಿಲ್ಲ. ರಸಾಯನಶಾಸ್ತ್ರದ ಹುಡುಗಿ ಈ ಸಲ ಆಕ್ಷೇಪಣೆ ಎತ್ತಲಿಲ್ಲ. "ಅದೊಂದು ಹೇಳಿ ಮಾವ" ಅಂದಳು. ಹೇಳಿದೆ, ಗಟ್ಟಿಯಾಗಿಯೇ ಹೇಳಿದೆ.

ಎಲ್ಲ ಮುಗಿದ ಮೇಲೆ ತಮ್ಮನಿಗೆ ವಂದನಾರ್ಪಣೆ ಬಿಟ್ಟುಕೊಟ್ಟರು. "ವೇದಿಕೆಯ ಮೇಲೆ" ಅನ್ನುವಷ್ಟರಲ್ಲಿ ಕರೆಂಟು ಹೋಯಿತು. ಎಲ್ಲರೂ ನನ್ನ ಕಡೆ ತಿರುಗಿದರು. ನಾನು ಏನೂ ಅಂದಿರಲಿಲ್ಲ. ಊಟಕ್ಕೆ ಎದ್ದೆವು.

ಮುಂದೆ ಡಾಕ್ಟರಿಗೆ ತುಟಿ ತೋರಿಸಿದೆ. ಹಕ್ಕಳೆ ಕಿತ್ತದ್ದಕ್ಕೆ ಬೈದರು. ಸದ್ಯ ಗಾಯ ಆಗಿಲ್ಲ, ಬಣ್ಣವೂ ಪೂರ್ತಿ ಹೋಗಿದೆ, ಬಿಸಿಲಿಗೆ ಟೋಪಿ ಹಾಕಿ ಅಂದರು. ಕ್ಷೌರಿಕನೂ ಗಲ್ಲ ಹಿಡಿದು ಬೆಳಕಿಗೆ ತಿರುಗಿಸಿ ನೋಡಿ, "ಒಳಿಕ್ ಓಗದೆ" ಎಂದು ದೃಢೀಕರಿಸಿದ. ಈಗ ಊರಿನಲ್ಲಿ ಯಾರೂ ಬಾಳೆಹಣ್ಣು ಕೊಟ್ಟು ಬೇಗ ಕಳಿಸುವುದಿಲ್ಲ. ಕೂರಿಸಿಕೊಳ್ಳುತ್ತಾರೆ. ಮೊದಲು ಒಳ್ಳೆಯದು ಅನ್ನಿಸಿ, ಆಮೇಲೆ ಬಾಳೆಹಣ್ಣು ಕೊಡುತ್ತಾರೆ. ಕರುವಿನ ಮೇಲಿನ ಗೋಣಿಚೀಲ ತೆಗೆದಿದ್ದಾರೆ.

ಮದುವೆ ಶ್ರಾವಣದಲ್ಲಿ ನಡೆಯಿತು. ಮಚ್ಚೆ ಮತ್ತೆ ಬಂದಿಲ್ಲ. ಗಂಡಿನ ಟ್ರಾನ್ಸ್‌ಫರ್ ಆಗಿಲ್ಲ.